ಕಸಬರಿಗೆಯ ಪಾಳಿ

ನಾಲ್ಕೂವರೆ ವರ್ಷಕ್ಕೇ ನನ್ನ ಮಗಳು ಉಗುರು ಕಡಿಯಲು ಶುರುಮಾಡಿದಳು. ಆಗ ಅವಳು ಜೇವರ್ಗಿಯಲ್ಲಿ ಇಂಗ್ಲಿಷ್ ಮಾಧ್ಯಮದ ಎಲ್‌ಕೆಜಿಯಲ್ಲಿದ್ದಳು. ದಿನಕ್ಕೆ ನಾಲ್ಕು ಪುಟ ಬರೆಯಬೇಕು, ಗೆರೆ ದಾಟಿದರೆ ಮತ್ತೆ ನಾಲ್ಕು. ಬ್ಯಾಂಕಿನಿಂದ ದಣಿದು ಬಂದು ನಾನೇ ಕೂತು ಬರೆಸುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಒಂದು ಸಂಜೆ ಅವಳ ಕೈಮೇಲೆ ಹೊಡೆದುಬಿಟ್ಟೆ. ಅವಳು ಅಳಲಿಲ್ಲ, ಸುಮ್ಮನೆ ಇನ್ನೊಂದು ಕೈಯನ್ನೂ ಮುಂದೆ ಚಾಚಿದಳು. ಬರೆಯುವುದಕ್ಕಿಂತ ಮೊದಲು ಅದನ್ನು ಕಲಿತಿದ್ದಳು. ವರ್ಷ ಮುಗಿಯುತ್ತಲೇ ಆ ಶಾಲೆ ಬಿಡಿಸಿದೆ.

ಇಜೇರಿ ಕಡೆಗೆ ಹೋಗುವ ದಾರಿಯಲ್ಲಿ, ತೊಗರಿ ಹೊಲದ ಮಗ್ಗುಲಿಗೆ, ಗಂಡ ಹೆಂಡತಿ ಇಬ್ಬರು ನಡೆಸುವ ಸಣ್ಣದೊಂದು ಶಾಲೆಯಿತ್ತು. ಅಲ್ಲಿ ಸಮವಸ್ತ್ರವಿಲ್ಲ, ಚಿಕ್ಕವರಿಗೆ ಪರೀಕ್ಷೆಯಿಲ್ಲ, ಪಾಠವೆಲ್ಲ ಕನ್ನಡದಲ್ಲಿ. ಮಕ್ಕಳು ಕಾಳು ಎಣಿಸಿ ಲೆಕ್ಕ ಕಲಿಯುತ್ತಿದ್ದರು, ಬದುವಿನ ಮೇಲೆ ಹೆಜ್ಜೆ ಹಾಕಿ ಅಳತೆ ಕಲಿಯುತ್ತಿದ್ದರು. ಬ್ಯಾಂಕಿನಲ್ಲಿ ಜೊತೆಯವರು ಕಾಲೆಳೆದರು. ‘ಮಣ್ಣಾಗ ಆಡಸಲಾಕ ಸಾಲಿ ಯಾಕ ಬೇಕ್ರಿ ಮೇಡಂ? ನಮ್ಮ ಹೊಲಕ್ಕ ಕಳಸ್ರಿ, ಫೀಸೂ ಬ್ಯಾಡ.’ ನನ್ನ ಗಂಡ ‘ನಿನಗ ತಿಳದಂಗ ಮಾಡು’ ಎಂದು ಕೈತೊಳೆದುಕೊಂಡರು. ಅಪ್ಪನನ್ನು ನಾನು ಕೇಳಲೇ ಇಲ್ಲ.

ಅಪ್ಪ ನಮ್ಮ ಜೊತೆಗೇ ಇದ್ದಾನೆ. ಕಲ್ಲು ಹೊತ್ತು, ಭೂಸನೂರ ಕಡೆ ಕಬ್ಬು ಕಡಿದು ನನ್ನನ್ನು ಓದಿಸಿದವನು. ತಂಬಿಗೆಯಲ್ಲಿ ಕೆಂಡ ತುಂಬಿ ನನ್ನ ಸಮವಸ್ತ್ರ ಇಸ್ತ್ರಿ ಮಾಡುತ್ತಿದ್ದವನೂ ಅವನೇ. ಅವನು ಮಾತ್ರ ಎರಡನೇ ತರಗತಿಗೇ ಶಾಲೆ ಬಿಟ್ಟಿದ್ದ. ಬಡತನ ಎನ್ನುತ್ತಿದ್ದ, ನಾವು ನಂಬಿದ್ದೆವು.

ಮಗಳು ಹೊಸ ಶಾಲೆಗೆ ಹೋಗತೊಡಗಿ ಹದಿನೈದು ದಿನವಾಗಿತ್ತು. ಅವತ್ತು ಅವಳನ್ನು ಕರೆತರಲು ಹೋದ ಅಪ್ಪ, ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದ.

‘ಅಕೀ ಕೈಯಾಗ ಕಸಬರಿಗಿ ಕೊಟ್ಟಾರ.’

‘ಅಲ್ಲಿ ಎಲ್ಲಾ ಮಕ್ಕಳೂ ಕಸಾ ಹೊಡೀತಾರಪ್ಪಾ. ಪಾಳಿ ಅದ.’

‘ನನ್ನೂ ಕಸಾ ಹೊಡೀಲಾಕೇ ಸಾಲಿಗಿ ಕರೀತಿದ್ರು. ಊರ ಹುಡುಗ್ರು ಒಳಗ ಕುಂತು ಮಗ್ಗಿ ಹೇಳ್ತಿದ್ರು. ನಮ್ಮ ಕೇರಿ ಹುಡುಗ್ರು ಅಂಗಳ ಹೊಡದು, ಮಾಸ್ತರ ಮನಿ ಹೊಡದು, ಬಾಗಲಾಗ ಕುಂಡ್ರಬೇಕು. ಬಡತನಕ್ಕ ಸಾಲಿ ಬಿಡಲಿಲ್ಲಬೇ ನಾ. ಕಸಬರಿಗಿ ಸಲುವಾಗಿ ಬಿಟ್ಟೆ.’

ನಮ್ಮದು ದಲಿತ ಕೇರಿ. ಇಷ್ಟು ವರ್ಷ ಅಪ್ಪನ ಜೊತೆ ಕೂತು ಉಂಡಿದ್ದೇನೆ, ಒಮ್ಮೆಯಾದರೂ ಕೇಳಬೇಕಿತ್ತು. ನಾಚಿಕೆಯಾಯಿತು. ನನಗೆ ನಾಚಿಕೆಯಾದರೂ ಸಿಟ್ಟೇ ಬರುತ್ತದೆ. ‘ಕಾಲ ಬದಲಾಗ್ಯಾದಪ್ಪಾ’ ಎಂದು ದನಿ ಏರಿಸಿದೆ.

‘ಬದಲಾಗಿದ್ರ ಛಲೋ. ಒಂದು ವಾರ ಹೋಗಿ ನೋಡ್ತೇನಿ. ಮನಸಿಗಿ ಬರಲಿಲ್ಲಂದ್ರ ಅಕೀನ ಬಿಡಸ್ತೇನಿ. ನೀ ಅಡ್ಡ ಬರಬ್ಯಾಡ.’

ಬರುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ಹೆದರಿಕೆಯಾಯಿತು. ಮಗಳು ಉಗುರು ಕಡಿಯುವುದನ್ನು ಆಗತಾನೇ ಬಿಟ್ಟಿದ್ದಳು.

ಅಪ್ಪ ದಿನಾ ಹೋಗಿ ಶಾಲೆಯ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತ. ಸಂಜೆ ಬಂದು ವರದಿ ಒಪ್ಪಿಸುತ್ತಿದ್ದ. ‘ಇವತ್ತ ಕಿರಾಣಿ ಅಂಗಡಿಯವರ ಹುಡುಗಂದು ಪಾಳಿ. ಕಸಬರಿಗಿ ಹಿಡೀಲಾಕೇ ಬರಂಗಿಲ್ಲ ಅವಗ. ನಾನೇ ತೋರಿಸ್ದೆ.’ ಮರುದಿನ ಡಾಕ್ಟರ ಮಗಳು, ಅದರ ಮರುದಿನ ಸ್ವತಃ ಮಾಸ್ತರರು. ‘ಮಾಸ್ತರ ಮೂಲ್ಯಾಗಿನ ಕಸಾ ಬಿಡ್ತಾನ’ ಎಂದು ಅಪ್ಪ ನಕ್ಕಾಗ, ಗೆದ್ದೆ ಎಂದುಕೊಂಡೆ.

ಶನಿವಾರ ಬ್ಯಾಂಕಿಗೆ ರಜೆ, ನಾನೂ ಜೊತೆಗೆ ಹೋದೆ. ಅಪ್ಪ ಮಾಸ್ತರರ ಹೆಂಡತಿಯ ಮುಂದೆ ಕೈಮುಗಿದು ನಿಂತ.

‘ಅಕ್ಕೋರೆ, ಪಾಳಿ ಛಲೋ ಅದರಿ. ಒಂದು ಕೇಳ್ತೇನಿ. ಪಾಯಖಾನಿ ಯಾರು ತೊಳೀತಾರ್ರಿ?’

ಅವರು ‘ಹಳ್ಳಿಯಿಂದ ಒಬ್ಬಾಕಿ ಬರ್ತಾಳ್ರಿ’ ಎಂದರು.

‘ಯಾವ ಕೇರಿಯಾಕಿ?’

ಉತ್ತರ ಅವರಿಗೆ ಗೊತ್ತಿತ್ತು. ಕೇಳಿದವನಿಗೂ ಗೊತ್ತಿತ್ತು.

‘ಹಂಗಾರ ಪಾಳಿ ಇನ್ನಾ ಪೂರಾ ಆಗಿಲ್ರಿ’ ಎಂದು ಅಪ್ಪ ಮೆತ್ತಗೆ ಹೇಳಿ ಮೊಮ್ಮಗಳ ಕೈ ಹಿಡಿದುಕೊಂಡ. ಶಾಲೆ ಸೇರಿಸುವ ಮುಂಚೆ ನಾನು ಕುಡಿಯುವ ನೀರು ನೋಡಿದ್ದೆ, ಪುಸ್ತಕ ನೋಡಿದ್ದೆ, ಪಾಯಖಾನೆಯ ಬಾಗಿಲು ತೆಗೆದು ಸ್ವಚ್ಛ ಇದೆ ಎಂದು ಮೆಚ್ಚಿಕೊಂಡೂ ಬಂದಿದ್ದೆ. ಅಂಥದೇ ಕೇರಿಯ ಮಗಳಾದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ಸೋಮವಾರ ಅಪ್ಪ ಅವಳನ್ನು ಕಳಿಸಲಿಲ್ಲ. ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತ ಮಗಳು ‘ಮುತ್ಯಾ, ಹೊತ್ತಾತು’ ಎಂದು ಅಜ್ಜನನ್ನು ಕರೆಯುತ್ತಲೇ ಇದ್ದಳು. ನಾನೇ ಅವಳನ್ನು ಕರೆದುಕೊಂಡು ಹೊರಡಬಹುದಿತ್ತು. ಆದರೆ ಮಾತು ಕೊಟ್ಟಿದ್ದೆ. ಮಂಗಳವಾರವೂ ಹಾಗೇ ಆಯಿತು.

ಬುಧವಾರ ಸಂಜೆ ಮಾಸ್ತರರ ಹೆಂಡತಿ ನಮ್ಮ ಮನೆ ಹುಡುಕಿಕೊಂಡು ಬಂದರು. ಕುರ್ಚಿ ಕೊಟ್ಟರೂ ಅಪ್ಪನ ಎದುರು ಚಾಪೆಯ ಮೇಲೇ ಕೂತರು.

‘ಕಾಕಾ, ಮೂರು ದಿನದಿಂದ ನಾನೂ ನಮ್ಮವರೂ ತೊಳ್ಯಾಕತ್ತೇವಿ. ಅದು ದೊಡ್ಡವರ ಪಾಳಿ, ಮಕ್ಕಳಿಗಿ ಬ್ಯಾಡ. ತೊಳೀಲಾಕ ಬರ್ತಿದ್ದಾಕಿಗಿ ಮಕ್ಕಳ ಅಡಗಿ ಕೆಲಸ ಕೊಟ್ಟೇವಿ. ಅಕೀ ಕೈಯಾಗಿಂದು ಉಣ್ಣಂಗಿಲ್ಲ ಅಂತ ಎರಡು ಮನಿಯವರು ಮಕ್ಕಳನ್ನ ಬಿಡಿಸ್ಕೊಂಡು ಹೋದ್ರು. ಹೋಗಲಿ. ನಿಮ್ಮ ಮೊಮ್ಮಗಳನ್ನ ಕಳಸ್ರಿ.’

ಅಪ್ಪ ನನಗೆ ಚಹಾ ತರಲು ಸನ್ನೆ ಮಾಡಿದ. ಚಹಾ ಬಂತು, ಅವರು ಕುಡಿದರು. ಕೊನೆಗೆ ಅಪ್ಪ, ‘ನಾಳಿ ಬರ್ತಾಳ್ರಿ’ ಎಂದ.

ಬೀದಿಯ ತಿರುವಿನವರೆಗೆ ಅವರನ್ನು ಕಳಿಸಿ ಬಂದು ಅಪ್ಪ ಹೊಸ್ತಿಲ ಮೇಲೆ ಕುಸಿದು ಕೂತ. ಅಪ್ಪ ಅಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಏನಾಯಿತು ಎಂದು ಪಕ್ಕದಲ್ಲಿ ಕೂತೆ.

‘ನಾ ಸಾಲಿ ಬಿಟ್ಟಾಗ,’ ಎಂದ, ‘ಕರೀಲಾಕ ಯಾರೂ ಬಂದಿದ್ದಿಲ್ಲಬೇ.’