ಗಂಟಣ್ಣನ ದ್ವೀಪಯಾತ್ರೆ

ನನ್ನ ತಮ್ಮನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಅದು ಕಾಗದಪತ್ರಗಳಲ್ಲಿ ಮಾತ್ರ ಉಳಿದುಕೊಂಡಿದೆ. ಲಾರಿ ಗೋದಾಮಿನಲ್ಲಿ, ಬೀದಿಯಲ್ಲಿ, ಕ್ಷೌರದಂಗಡಿಯಲ್ಲಿ ಎಲ್ಲರಿಗೂ ಅವನು ಗಂಟಣ್ಣ. ನಾನು ಅವನಿಗಿಂತ ದೊಡ್ಡವನಾದರೂ ಹಾಗೆಯೇ ಕರೆಯುತ್ತೇನೆ. ನಾಲಿಗೆಗೆ ಅಂಟಿಬಿಟ್ಟಿದೆ.

ಅವನದು ಸರಕು ಕಟ್ಟುವ ಕೆಲಸ. ಗೋದಾಮಿನ ಹಿಂದಿನ ಷೆಡ್ಡಿನಲ್ಲಿ ನಾನು ಮರದ ಪೆಟ್ಟಿಗೆ ಹೊಡೆಯುತ್ತಿದ್ದೆ, ಮುಂದಿನ ಕಟ್ಟೆಯ ಮೇಲೆ ಅವನು ಮೂಟೆ ಕಟ್ಟುತ್ತಿದ್ದ. ಕಟ್ಟುವುದೆಂದರೆ ಸುಮ್ಮನೆ ಹಗ್ಗ ಸುತ್ತಿ ಬಿಸಾಕುವುದಲ್ಲ. ಒಡೆಯುವ ಸಾಮಾನು ನಟ್ಟನಡುವೆ ಹೋಗಬೇಕು. ಅದರ ಸುತ್ತ ಹುಲ್ಲು, ಹುಲ್ಲಿನ ಸುತ್ತ ಬಟ್ಟೆಬರೆ, ಎಲ್ಲಕ್ಕೂ ಮೇಲೆ ಗೋಣಿತಟ್ಟು. ತಟ್ಟಿನ ಅಂಚನ್ನು ದಬ್ಬಣದಲ್ಲಿ ಹೊಲಿದು, ಸುತಳಿ ಬಿಗಿದು, ಮೊಣಕಾಲೂರಿ ಅವನು ಗಂಟು ಹಾಕಿದನೆಂದರೆ ಮುಗಿಯಿತು, ಬ್ರಹ್ಮ ಬಂದರೂ ಕತ್ತರಿ ಕೇಳಬೇಕು. ಒಮ್ಮೆ ತಿರುವಿನಲ್ಲಿ ಲಾರಿ ವಾಲಿ ದೀಪದ ಗಾಜುಗಳ ಮೂಟೆ ಚರಂಡಿಗೆ ಉರುಳಿತು. ತೊಳೆದು ಬಿಚ್ಚಿ ನೋಡಿದರೆ ಒಂದು ಗಾಜೂ ಕೂದಲೆಳೆಯಷ್ಟೂ ಸೀಳಿರಲಿಲ್ಲ. ಆದರೆ ಬಿಚ್ಚುವುದರೊಳಗೆ ಅಂಗಡಿಯವನ ಉಗುರು ಕಿತ್ತುಹೋಗಿತ್ತು. ದೂರು ಹೇಳಲು ಬಂದವನಿಗೆ ನನ್ನ ತಮ್ಮ ತಣ್ಣಗೆ ಹೇಳಿದ: "ಕಟ್ಟೋದು ನನ್ನ ಕೆಲಸ ಸ್ವಾಮಿ. ಬಿಚ್ಚೋದು ನಿಮ್ಮದು."

ಇಂಥವನಿಗೆ ಒಬ್ಬಳೇ ಮಗಳು. ಯಂತ್ರಗಳೆಂದರೆ ಅವಳಿಗೆ ಚಿಕ್ಕಂದಿನಿಂದ ಪ್ರಾಣ. ಮಂಜುಗಡ್ಡೆ ಮಾಡುವ ಯಂತ್ರಗಳ ರಿಪೇರಿ ಕಲಿತು, ಸಮುದ್ರದ ನಡುವೆ ಸಾಸಿವೆ ಚೆಲ್ಲಿದಂತಿರುವ ಒಂದು ಪುಟ್ಟ ದ್ವೀಪದೇಶಕ್ಕೆ ಕೆಲಸಕ್ಕೆ ಹೋದಳು. ಅಲ್ಲಿ ಮೀನು ಹಿಡಿಯುವವರಿಗೆಲ್ಲ ಅವಳ ಮಂಜುಗಡ್ಡೆಯೇ ಗತಿ. ಯಂತ್ರ ನಿಂತರೆ ಊರಿನ ದುಡಿಮೆಯೇ ಕೊಳೆಯುತ್ತದೆ. ಹಾಗಾಗಿ ರಜೆಯೆಂಬುದು ಅವಳಿಗೆ ಗಗನಕುಸುಮ. ವರ್ಷಗಳು ಉರುಳಿದವು. ಅವಳು ಬರಲಾಗಲಿಲ್ಲ. ತಾಯಿ ಫೋನಿನ ಗಾಜಿನ ಮೇಲೆ ಮಗಳ ಕೆನ್ನೆ ಸವರಿ ಸವರಿ ಆ ಗಾಜೇ ಮಸುಕಾಯಿತು.

ಈ ತಾಯಿಗೆ, ಅಂದರೆ ನನ್ನ ತಮ್ಮನ ಹೆಂಡತಿಗೆ, ಉಬ್ಬಸ. ಧೂಳು, ಹೊಗೆ, ತಣ್ಣನೆಯ ಗಾಳಿ ಯಾವುದು ತಾಕಿದರೂ ಎದೆ ಹಿಡಿದುಕೊಳ್ಳುತ್ತದೆ. ಬಾಯಿಗೆ ಇನ್ಹೇಲರ್ ಒತ್ತಿಕೊಂಡರೆ ಇಳಿಯುತ್ತದೆ. ಅದನ್ನು ಅವಳು ಪಂಪು ಅನ್ನುತ್ತಾಳೆ. "ನೀವೇ ಇಲ್ಲಿಗೆ ಬನ್ನಿ" ಎಂದು ಮಗಳು ಕರೆದಾಗ ಅವಳು ಕುಣಿದಾಡಿದಳು, ಆಮೇಲೆ ಎದೆ ಮುಟ್ಟಿ ನೋಡಿಕೊಂಡಳು. ಡಾಕ್ಟರಮ್ಮನ ಹತ್ತಿರ ಮೂವರೂ ಹೋದೆವು.

"ಧಾರಾಳವಾಗಿ ಹೋಗಿ ಬನ್ನಿ," ಎಂದರು ಆಕೆ. "ಆದ್ರೆ ಒಂದು ಮಾತು. ಆ ದ್ವೀಪದಲ್ಲಿರೋದು ಸಣ್ಣ ದವಾಖಾನೆ. ದೊಡ್ಡಾಸ್ಪತ್ರೆ ಬೇಕಂದ್ರೆ ಸಮುದ್ರ ದಾಟಬೇಕು. ಪಂಪು ಒಂದಲ್ಲ, ಮೂರು ತಗೊಂಡು ಹೋಗಿ. ಔಷಧದ ಚೀಟಿ ಜೊತೇಲಿರಲಿ. ಅಲ್ಲಿಂದ ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸೋ ಖರ್ಚನ್ನೂ ಕೊಡೋ ವಿಮೆ ಮಾಡಿಸಿ. ಪಂಪು ಜೋಪಾನ, ಆಯ್ತಾ?"

"ಜೋಪಾನದ ವಿಷಯ ನನಗೆ ಬಿಡಿ," ಎಂದ ಗಂಟಣ್ಣ ಎದೆ ಸೆಟೆಸಿ. ಆ ಮಾತು ಕೇಳಿ ನನಗೂ ಧೈರ್ಯ ಬಂತು. ಜೋಪಾನ ಮಾಡುವುದರಲ್ಲಿ ಅವನನ್ನು ಮೀರಿಸುವವರು ಯಾರಿದ್ದಾರೆ?

ತಯಾರಿ ಶುರುವಾಯಿತು. ದಿನಾ ಸಂಜೆ ಮಗಳ ಫೋನು.

"ಅಪ್ಪಾ, ಬಿರುಗಾಳಿ ಕಾಲ ಮುಗಿದ ಮೇಲೇ ಟಿಕೆಟ್ ತಗೋ. ವಾಪಸ್ ಟಿಕೆಟೂ ಕೈಲಿರಬೇಕು, ಇಲ್ಲಿ ಇಳಿದ ತಕ್ಷಣ ಕೇಳ್ತಾರೆ. ಗಟ್ಟಿ ಪೆಟ್ಟಿಗೆ ಬೇಡ, ಮೆತ್ತನೆ ಬ್ಯಾಗ್ ತಾ. ಕೊನೇ ವಿಮಾನ ನಮ್ಮೂರ ಬಸ್ಸಿಗಿಂತ ಚಿಕ್ಕದು. ಬ್ಯಾಗಷ್ಟೇ ಅಲ್ಲ, ನಿನ್ನನ್ನೂ ತೂಗ್ತಾರೆ."

"ನನ್ನನ್ನಾ? ನಾನೇನು ಈರುಳ್ಳಿ ಮೂಟೆನಾ?"

"ಈರುಳ್ಳಿಗಾದ್ರೂ ರೇಟಿದೆ," ಎಂದಳು ಹೆಂಡತಿ ಅಡುಗೆಮನೆಯಿಂದ.

ಮಗಳು ನಕ್ಕು ಮುಂದುವರಿಸಿದಳು. ಹವಳದ ಕಲ್ಲು ಕತ್ತಿಯಂತೆ ಕೊಯ್ಯುತ್ತದೆ, ಆ ಗಾಯ ಬೇಗ ಮಾಯುವುದಿಲ್ಲ, ನೀರಿಗಿಳಿದರೂ ಕಾಲಲ್ಲಿ ರಬ್ಬರ್ ಚಪ್ಪಲಿ ಇರಬೇಕು. ಊರಿನವರನ್ನು ಕೇಳದೆ ಸಮುದ್ರಕ್ಕೆ ಇಳಿಯಕೂಡದು, ಮೇಲೆ ಕನ್ನಡಿಯಂತಿದ್ದರೂ ಕೆಳಗೆ ಸೆಳೆತವಿರುತ್ತದೆ. ವಿಮಾನ ಇಳಿದ ಮೇಲೆ ದ್ವೀಪಕ್ಕೆ ದೋಣಿಯಲ್ಲೇ ಬರಬೇಕು, ಅದನ್ನು ಹತ್ತುವ ಮೊದಲೇ ಲೈಫ್ ಜಾಕೆಟ್ ತೊಡಬೇಕು, ಅಲೆ ಎದ್ದ ಮೇಲೆ ತಡಕಾಡುವುದಲ್ಲ. ಗಂಟಣ್ಣ ಎಲ್ಲಕ್ಕೂ ಹೂಂಗುಟ್ಟಿದ. ಸೊಳ್ಳೆಪರದೆ, ಟಾರ್ಚು, ಅಗಲ ಅಂಚಿನ ಟೋಪಿ ಎಲ್ಲ ಬಂದವು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಪಡಸಾಲೆಯ ನಡುವೆ ಮೂಟೆ ಕೂತಿತ್ತು. ಮೆತ್ತನೆಯ ಬ್ಯಾಗೇ ಹೌದು, ಆದರೆ ಅದಕ್ಕೊಂದು ಗೋಣಿತಟ್ಟಿನ ಅಂಗಿ ತೊಡಿಸಿ, ಅಂಚು ಹೊಲಿದು, ಉದ್ದಗಲಕ್ಕೂ ಸುತಳಿ ಬಿಗಿದಿದ್ದ. ಗುದ್ದಿದರೆ ಗುದ್ದಿದ ಕೈಗೇ ನೋವು.

"ಹೆಂಗಿದೆ ಅಣ್ಣಾ?"

"ಆನೆ ತುಳಿದ್ರೂ ಏನೂ ಆಗಲ್ಲ ಬಿಡು," ಎಂದೆ. ನಿಜವಾಗಿಯೂ ಹಾಗೇ ಅನ್ನಿಸಿತು.

ಅಷ್ಟರಲ್ಲಿ ಅವನ ಹೆಂಡತಿ ಪ್ರಯಾಣಕ್ಕೆಂದು ಅಟ್ಟದ ಮೇಲಿದ್ದ ಹಳೆಯ ಸ್ವೆಟರ್ ಎಳೆದಳು. ಅದರ ಜೊತೆ ಯಾವ ಕಾಲದ್ದೋ ಧೂಳು ದಬದಬ ಸುರಿಯಿತು. ಒಂದು ಕೆಮ್ಮು, ಇನ್ನೊಂದು ಕೆಮ್ಮು, ಆಮೇಲೆ ಕೆಮ್ಮುವುದಕ್ಕೂ ಉಸಿರಿಲ್ಲ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕುಳಿತು ಕಿಟಕಿಯತ್ತ ಕೈ ಚಾಚಿದಳು. ಪಂಪು ಸದಾ ಇರುತ್ತಿದ್ದ ಕಿಟಕಿಯ ಅಂಚು ಬರಿದಾಗಿತ್ತು.

"ಪಂಪೆಲ್ಲಿ?" ಎಂದು ನಾನು ಕೂಗಿದೆ.

ಗಂಟಣ್ಣ ಮೂಟೆಯನ್ನೇ ನೋಡುತ್ತ ನಿಂತ. ಮುಖ ಸುಣ್ಣವಾಗಿತ್ತು. "ಒಳಗಿದೆ. ಮೂರೂ ಒಳಗೇ ಇವೆ ಅಣ್ಣಾ. ನಟ್ಟನಡುವೆ."

ಸುತಳಿಗೆ ಕೈ ಹಾಕಿದ. ಜೀವಮಾನವೆಲ್ಲ ಕಟ್ಟಿದ ಬೆರಳುಗಳಿಗೆ ಬಿಚ್ಚುವುದು ಗೊತ್ತಿರಲಿಲ್ಲ. ಗಂಟು ಜಗ್ಗಿದಷ್ಟೂ ಬಿಗಿಯಾಯಿತು. ನಾನು ಅಡುಗೆಮನೆಗೆ ಓಡಿ ಚಾಕು ತಂದು ಮೂಟೆಯ ಹೊಟ್ಟೆಯನ್ನೇ ಸೀಳಿದೆ. ಸೊಳ್ಳೆಪರದೆ, ಟವಲು, ಅಂಗಿ ಎಲ್ಲ ಕಿತ್ತೆಸೆದು, ಹತ್ತಿಯಲ್ಲಿ ಸುತ್ತಿದ್ದ ಪಂಪು ಹೊರತೆಗೆದು ಅವಳ ಕೈಗಿಟ್ಟೆ. ಒತ್ತಿದಳು. ಸ್ವಲ್ಪ ಹೊತ್ತಿಗೆ ಎದೆಯ ಸಿಳ್ಳು ತಗ್ಗಿತು. ನಾನು ಒಂದು ಲೋಟ ನೀರು ಕೊಟ್ಟೆ. ಕುಡಿದು, ಬಾಯಿ ಒರೆಸಿಕೊಂಡು, ಗಂಡನ ಮುಖ ನೋಡಿದಳು.

"ನಾನು ಬರಲ್ಲ ಕಣ್ರೀ."

"ಏನೋ ತಪ್ಪಾಯ್ತು ಮಾರಾಯ್ತಿ. ಒಡೆದುಹೋಗುತ್ತೆ ಅಂತ..."

"ಇಲ್ಲಿ ಎದುರಿಗೆ ಔಷಧಿ ಅಂಗಡಿ ಇದೆ. ಭಾವ ಇದ್ರು, ಚಾಕು ಇತ್ತು. ವಿಮಾನದಲ್ಲಿ ಚಾಕು ಯಾರು ಕೊಡ್ತಾರೆ? ದೋಣಿಯಲ್ಲಿ ಅಂಗಡಿ ಎಲ್ಲಿರುತ್ತೆ? ನಾನು ಸರಕಲ್ಲ ರೀ. ಸರಕಿಗೆ ದಾರೀಲಿ ಏನೂ ಬೇಕಾಗಲ್ಲ. ನನಗೆ ಬೇಕಾಗುತ್ತೆ."

ಅಷ್ಟು ಹೇಳಿ ಒಳಗೆ ಹೋಗಿ ಮಲಗಿದಳು. ಮಗಳನ್ನು ನೋಡಬೇಕೆಂದು ಹಂಬಲಿಸಿದವಳು ಅವಳೇ, ಬೇಡವೆಂದವಳೂ ಅವಳೇ. ಆ ಮಾತು ಆಡುವಾಗ ಅವಳಿಗೆ ಎಷ್ಟು ಸಂಕಟವಾಗಿರಬೇಕು! ಗಂಟಣ್ಣ ಸೀಳಿದ ಗೋಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟ. ನಾನು ಸಮಾಧಾನ ಹೇಳಲು ಬಾಯಿ ತೆರೆದೆ. "ಸ್ವಲ್ಪ ಸುಮ್ಮನಿರು ಅಣ್ಣಾ" ಎಂದ. ಅವನು ಹಾಗೆ ನನಗೆ ಎಂದೂ ಹೇಳಿದವನಲ್ಲ.

ಬಹಳ ಹೊತ್ತಾದ ಮೇಲೆ ಎದ್ದ. ಗೋಣಿತಟ್ಟನ್ನು ಮಡಚಿ ಬಾಗಿಲಾಚೆ ಹಾಕಿದ. ಸಾಮಾನೆಲ್ಲ ಚಾಪೆಯ ಮೇಲೆ ಹರಡಿ, ಮೊದಲು ಏನು ಬೇಕು, ಆಮೇಲೆ ಏನು ಬೇಕು ಎಂದು ಗೊಣಗುತ್ತ ಕೊನೆಯಿಂದ ಮೊದಲಿಗೆ ತುಂಬಲಾರಂಭಿಸಿದ. ದ್ವೀಪ ಮುಟ್ಟಿದ ಮೇಲೆ ಬೇಕಾಗುವ ಸೊಳ್ಳೆಪರದೆ ತಳಕ್ಕೆ. ದೋಣಿಯಲ್ಲಿ ಬೇಕಾಗುವ ಟೋಪಿ, ವಾಂತಿಯ ಮಾತ್ರೆ ಮೇಲಕ್ಕೆ. ಹಳೆಯ ಅಂಗಿಯ ಬಟ್ಟೆಯಲ್ಲಿ ಮೂರು ಚೀಲ ಹೊಲಿದ: ಒಂದು ಹೆಂಡತಿಯ ಕುತ್ತಿಗೆಗೆ, ಒಂದು ತನ್ನ ಸೊಂಟಕ್ಕೆ, ಒಂದು ಕೈಬ್ಯಾಗಿನ ಹೊರಜೇಬಿಗೆ. ಪ್ರತಿಯೊಂದರಲ್ಲೂ ನೀರು ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಪಂಪು, ಔಷಧದ ಚೀಟಿಯ ಒಂದು ಪ್ರತಿ. ಚೀಲದ ಬಾಯಿಗೆ ಎಂಥ ಗಂಟು ಹಾಕಿದ ಗೊತ್ತೆ? ಜಾರುಗಂಟು! ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವಂಥದ್ದು. ಗೋದಾಮಿನಲ್ಲಿ ಯಾರಾದರೂ ಅದನ್ನು ಹಾಕಿದರೆ "ಸೋಮಾರಿ ಗಂಟು, ಥೂ" ಎಂದು ಉಗಿಯುತ್ತಿದ್ದವನು ಇವನೇ. ಅಭ್ಯಾಸವಿಲ್ಲದ ಕೈ, ಮೊದಲ ಸಲ ಅದೂ ಬಿಗಿದುಕೊಂಡಿತು. ಬೈದುಕೊಂಡು ಮತ್ತೆ ಹಾಕಿದ.

ಊಟದ ಹೊತ್ತು ದಾಟಿದ ಮೇಲೆ ಹೆಂಡತಿಯನ್ನು ಕರೆದ. "ಬಾ ಇಲ್ಲಿ, ಕೂತ್ಕೋ. ಈ ಬೆಂಚೇ ದೋಣಿ ಅಂತ ತಿಳ್ಕೋ. ನನ್ನ ಕಣ್ಣು ಕಟ್ಟು. ಏನು ಬೇಕೋ ಕೇಳು."

"ನಿಮಗೆ ತಲೆಗಿಲೆ ಕೆಟ್ಟಿದೆಯಾ?"

"ಕೇಳೇ ಅಂದ್ರೆ!"

ಅವಳು ಟವಲಿನಿಂದ ಅವನ ಕಣ್ಣು ಕಟ್ಟಿದಳು. ನಾನು ಅಲೆಯ ಕೆಲಸ ವಹಿಸಿಕೊಂಡು ಬೆಂಚು ಅಲ್ಲಾಡಿಸಿದೆ.

"ಪಂಪು."

ಅವನು ಕೈಬ್ಯಾಗಿನ ಹೊರಜೇಬಿಗೆ ಕೈ ಹಾಕಿ ಸರಕ್ಕನೆ ತೆಗೆದುಕೊಟ್ಟ. ಅದು ಟಾರ್ಚು.

"ಇದನ್ನ ಒತ್ತಿಕೊಂಡ್ರೆ ಹೊಟ್ಟೆಯೊಳಗೆ ಬೆಳಕಾಗುತ್ತೆ ಅಷ್ಟೆ," ಎಂದಳು ಅವಳು. ತುಟಿ ಬಿಗಿಹಿಡಿದಿದ್ದರೂ ನಗು ಕಟ್ಟೆಯೊಡೆಯಿತು. ಅವನು ಟಾರ್ಚನ್ನು ಬ್ಯಾಗಿನ ಎಡಗಡೆಗೆ ವರ್ಗಾಯಿಸಿದ. ಇನ್ನೊಮ್ಮೆ, ಮತ್ತೊಮ್ಮೆ. ಬೆಂಚು ಅಲ್ಲಾಡಿಸಿ ನನ್ನ ರಟ್ಟೆ ಬಿದ್ದುಹೋಯಿತು. ಅವಳು ಪಂಪು ಅನ್ನುವ ಮೊದಲೇ ಪಂಪು ಅವಳ ಅಂಗೈಯಲ್ಲಿರುವಷ್ಟು ಅವನ ಕೈ ಪಳಗಿತು. ಆಮೇಲೆ ಅವಳೂ ಕಣ್ಣು ಮುಚ್ಚಿ ತನ್ನ ಕುತ್ತಿಗೆಯ ಚೀಲದ ತುದಿ ಎಳೆದು ನೋಡಿದಳು. ಎರಡು ಸಲ ನೋಡಿದಳು.

"ರಬ್ಬರ್ ಚಪ್ಪಲಿ ಎಲ್ಲಿಟ್ಟಿದ್ದೀರಿ? ನನ್ನ ಕಾಲಿಗೆ ಸರಿಹೋಗುತ್ತಾ ನೋಡ್ಬೇಕು," ಎಂದಳು.

ಗಂಟಣ್ಣ ಕಣ್ಣಿನ ಟವಲು ಬಿಚ್ಚದೆಯೇ ಚಪ್ಪಲಿ ತೆಗೆದುಕೊಟ್ಟ. ಟವಲು ಒದ್ದೆಯಾಗಿತ್ತು. ನಾನು ನೋಡದವನಂತೆ ಬೆಂಚನ್ನು ಗೋಡೆಗೆ ಸರಿಸಿದೆ.

ಮುಂದಿನದು ನನಗೆ ಫೋನಿನಲ್ಲಿ ತಿಳಿದದ್ದು. ಪುಟ್ಟ ವಿಮಾನ ಹತ್ತುವ ಮೊದಲು ಇಬ್ಬರನ್ನೂ ತೂಗಿದರಂತೆ, ಗಂಡನಿಗಿಂತ ಹೆಂಡತಿಯ ತೂಕ ಹೆಚ್ಚು ಬಂದಿತಂತೆ. ಆ ವಿಷಯ ಮನೆಯಾಚೆ ಹೋಗಕೂಡದೆಂದು ಕಟ್ಟಪ್ಪಣೆಯಾಗಿದೆ, ಆದ್ದರಿಂದ ಇಲ್ಲಿ ಬರೆದು ಸುಮ್ಮನಾಗುತ್ತೇನೆ. ಆಮೇಲೆ ದೋಣಿಯಲ್ಲಿ ಡೀಸೆಲ್ ಹೊಗೆ ಅವಳ ಮುಖಕ್ಕೆ ಬಡಿಯಿತಂತೆ.

"ಎದೆ ಹಿಡ್ಕೊಳ್ತು ಭಾವ," ಎಂದಳು ಅವಳು. "ಇವರೋ, ವಾಂತಿ ಮಾಡಿ ಮಾಡಿ ಸೋರೆಕಾಯಿ ಬಣ್ಣಕ್ಕೆ ತಿರುಗಿದ್ರು. ಆದ್ರೂ ಕೈ ಮಾತ್ರ ಸೊಂಟದ ಮೇಲೇ! ಪಂಪು ಚಾಚಿದ್ರು. ಅಷ್ಟರಲ್ಲಿ ನಾನೇ ನನ್ನದನ್ನ ತೆಗೆದು ಒತ್ಕೊಂಡಿದ್ದೆ. ಆಮೇಲೆ ಹೊಗೆ ಬಾರದ ಕಡೆ ಕೂತ್ಕೊಂಡು, ನಾನೇ ಇವರ ತಲೆ ಹಿಡ್ಕೊಂಡೆ."

"ಮಗಳು ಹೇಗಿದ್ದಾಳೆ?"

"ದೋಣಿ ಹಗ್ಗ ಹಿಡಿಯೋಕೆ ದಡದ ಕಟ್ಟೆ ಮೇಲೆ ನಿಂತಿದ್ಲು. ಮೈಯೆಲ್ಲ ಗ್ರೀಸು. 'ಮುಟ್ಬೇಡಮ್ಮ, ಸ್ನಾನ ಮಾಡ್ಕೊಂಡ್ ಬರ್ತೀನಿ' ಅಂತಾಳೆ. ಯಾರು ಕೇಳ್ತಾರೆ ಅವಳ ಮಾತು? ನನ್ನ ಸ್ವೆಟರಿಗೂ ಗ್ರೀಸಾಯ್ತು." ಮಾತಿನ ನಡುವೆ ಅವಳ ಉಸಿರು ಕೇಳಿಸುತ್ತಿತ್ತು, ಹಗುರವಾಗಿ, ಸಿಳ್ಳಿಲ್ಲದೆ. "ಈಗ ಮುಂದೆ ಕೂರಿಸ್ಕೊಂಡು ತಲೆ ಬಾಚ್ತಾ ಇದ್ದೀನಿ ಭಾವ. ಉಪ್ಪುಗಾಳಿಗೆ ಕೂದಲು ತೆಂಗಿನ ನಾರಿನ ಹಾಗಾಗಿದೆ. ಅಲ್ಲಾಡಬೇಡ್ವೇ, ಸಿಕ್ಕು ಬಿಡಿಸ್ತಾ ಇದ್ದೀನಿ! ಸರಿ ಭಾವ, ಇಡ್ತೀನಿ. ಇವಳ ತಲೆ ಬಾಚೋದಕ್ಕೆ ಎರಡು ಕೈನೂ ಸಾಲದು."