ದೋಣಿಯಿಂದ ಸುರಿದ ಹಾಲು

ಬರೆಯಲು ಕೂತರೆ ಸಾಕು, ನನ್ನ ಮಗನಿಗೆ ಹಸಿವಾಗುತ್ತದೆ. ಮತ್ತೆ ಎದ್ದು ಹಾಲು ಕುಡಿಸಿ ಬಂದೆ. ಹಾಲೆಂದರೆ ಆ ದೋಣಿ ನೆನಪಾಗುತ್ತದೆ.

ಅಣೆಕಟ್ಟು ಕಟ್ಟಿ ಶರಾವತಿ ತುಂಬಿದ ಮರುವರ್ಷ, ಕೈಕೂಸಾಗಿದ್ದ ಇವನನ್ನು ಎತ್ತಿಕೊಂಡು ದೋಣಿಯಲ್ಲಿ ಹೊಸನಗರದ ಕಡೆ ಹೊರಟಿದ್ದೆ. ಸುತ್ತ ಬರೀ ಕಾಡುಗುಡ್ಡ. ನಡುನೀರಿನಲ್ಲಿ ದೋಣಿಯವನು ಹುಟ್ಟು ಹಾಕುವುದನ್ನು ನಿಲ್ಲಿಸಿದ. ನನ್ನ ಪಕ್ಕ ಕೂತಿದ್ದ ಹೆಂಗಸು ಗಿಂಡಿಯ ಹಾಲನ್ನು ನೀರಿಗೆ ಸುರಿಯತೊಡಗಿದಳು.

“ಮೀನಿಗೆ ಹಾಲು ಕುಡಿಸ್ತೀರಾ? ಇಲ್ಲಿ ಕೂಸು ಅಳ್ತಾ ಇದೆ,” ಎಂದು ಚುಚ್ಚಿದೆ.

ಅವಳು ಗಿಂಡಿಯನ್ನು ನನ್ನ ಕೈಗಿಟ್ಟಳು. “ಕುಡಿಸಿ ಅಕ್ಕ. ನನ್ನ ಕೂಸನ್ನ ಇಲ್ಲೇ ಹೊಳೆದಂಡೇಲಿ ಮಣ್ಣು ಮಾಡಿದ್ವಿ. ವರ್ಷಾ ವರ್ಷಾ ಬಂದು ಆ ಮಣ್ಣಿಗೆ ಹಾಲು ಹಾಕ್ತಿದ್ದೆ. ಆಗ ಹೊಳೆಯಡಿ ಕಲ್ಲೂ ಕಾಣ್ತಿತ್ತು. ಈಗ ಎಲ್ಲಾ ಮುಳುಗಿ, ಆ ಗುಡ್ಡ ನೋಡಿ ಜಾಗ ಅಂದಾಜು ಮಾಡ್ಬೇಕು.”

ನಾನು ಗಿಂಡಿಯನ್ನು ಅವಳ ಕೈಗೇ ಮರಳಿಸಿದೆ; ಅವಳು ನೀರು ನೋಡುತ್ತ ಕೇಳಿದಳು:

“ಹಾಲು ಅಷ್ಟು ಆಳಕ್ಕೆ ಇಳೀತದಾ ಅಕ್ಕ?”