ಕಾಜಕ್ಕನ ಸ್ವಂತದ ಹಾಡು

ಆ ಉಡುಪು ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಮದುವೆಗೆ ಮುಂಚಿನಿಂದಲೂ ಅಂಗಿಗಳಿಗೆ ಕಾಜಾ ಹೊಲಿಯುವ ಯಂತ್ರದ ಮುಂದೆ ಕೂತವಳು, ಹಾಗಾಗಿ ಎಲ್ಲರ ಬಾಯಲ್ಲೂ ಕಾಜಕ್ಕ. ಗುಂಡಿ ತೂರುವ ಆ ಸೀಳು ಒಂದೆಳೆ ಆಚೀಚೆಯಾದರೂ ಅಂಗಿ ವಾಪಸು ಬರುತ್ತಿತ್ತು. ಅವಳದು ಬಂದದ್ದು ಕಡಿಮೆ. ನಾಲಿಗೆಯೂ ಅಷ್ಟೇ ಹರಿತ. "ನಾವು ಹೊಲಿದದ್ದಕ್ಕೆಲ್ಲ ಯಾರದ್ದೋ ಹೆಸರಿನ ಚೀಟಿ. ಹೆತ್ತ ಮಗಳಾದ್ರೂ ನನ್ನವಳು ಅಂತಿದ್ದೆ, ಅವಳ ಹೆಸರಿನ ಪಕ್ಕಕ್ಕೂ ಅಪ್ಪನ ಹೆಸರಿನ ಚೀಟಿ ಅಂಟಿಸಿಬಿಟ್ರು!" ಎಂದು ಸಾಲಿನವರನ್ನೆಲ್ಲ ನಗಿಸುತ್ತಿದ್ದಳು.

ಆ ಮಗಳು ನಾಲ್ಕು ತುಂಬುವ ಮೊದಲೇ ಮಿದುಳುಜ್ವರ ಬಂದು ಹೋಗಿಬಿಟ್ಟಳು.

ಕೆಲಸಕ್ಕೆ ಮರಳಿದ ಕಾಜಕ್ಕ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಒಂದು ಮಧ್ಯಾಹ್ನ ಕರೆಂಟು ಹೋಗಿ ಯಂತ್ರಗಳೆಲ್ಲ ನಿಂತಾಗ, ಅವಳು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದುದು ಪಕ್ಕದವರಿಗೆ ಕೇಳಿಸಿತು. "ಬಾಗಿಲು ಹಾಕಿಲ್ಲ ಮಗಳೇ, ಚಪ್ಪಲಿ ಹೊರಗೇ ಇದೆ." ಇಷ್ಟೇ ಮಾತು, ಏರಿ, ಇಳಿದು, ಮತ್ತೆ ಏರುವ ಚಿಕ್ಕದೊಂದು ಧಾಟಿ. ಕಾಲರ್ ಹೊಲಿಯುವ ಹೆಂಗಸು ಗಂಡ ಸತ್ತಾಗಲೂ ಅತ್ತವಳಲ್ಲ, ಅವತ್ತು ಬಟ್ಟೆಯ ರಾಶಿಯಲ್ಲಿ ಮುಖ ಹುದುಗಿಸಿ ಬಿಕ್ಕಿದಳು. ಅಲ್ಲಿಂದ ಮುಂದೆ ಯಾರ ಮನೆಯಲ್ಲಿ ಸಾವಾದರೂ ಕಾಜಕ್ಕನಿಗೆ ಕರೆ ಬರುತ್ತಿತ್ತು. ಕಂಠ ಅಷ್ಟಕ್ಕಷ್ಟೆ, ಸಂಗೀತದ ಗಂಧಗಾಳಿಯಿಲ್ಲ. ಆದರೂ ಅವಳು ಹಾಡಿದರೆ ಕಲ್ಲಿನಂತೆ ಕೂತವರೂ ಕರಗುತ್ತಿದ್ದರು.

"ಎಲ್ಲಿ ಕಲಿತೆ ಅಕ್ಕಾ?" ಎಂದು ಯಾರಾದರೂ ಕೇಳಿದರೆ, "ಕಲಿಯೋದೇನು ಬಂತು? ಹೊಟ್ಟೆಯಿಂದ ಬಂತು. ಇದೊಂದಕ್ಕೆ ಮಾತ್ರ ಯಾರ ಚೀಟಿಯೂ ಇಲ್ಲ" ಎನ್ನುತ್ತಿದ್ದಳು.

ವರ್ಷಗಳು ಕಳೆದವು. ಕಾರ್ಖಾನೆಯ ವಾರ್ಷಿಕ ಸಮಾರಂಭದಲ್ಲಿ ಅವಳನ್ನು ಬಲವಂತವಾಗಿ ವೇದಿಕೆ ಹತ್ತಿಸಿದರು. ಹಾಡು ಮುಗಿದಾಗ ಸಭೆಯಲ್ಲಿ ಎಷ್ಟೋ ಜನರ ಸೆರಗು ಕಣ್ಣಿಗೆ ಹೋಗಿತ್ತು. ಅತಿಥಿಯಾಗಿ ಬಂದಿದ್ದವನು ರೇಡಿಯೋ ಜಾಹೀರಾತುಗಳಿಗೆ ಸಂಗೀತ ಮಾಡುತ್ತಿದ್ದ ಮುದುಕ. ಅವನ ಕಣ್ಣೂ ಒದ್ದೆಯಾಗಿತ್ತು. ಮೈಕು ಹಿಡಿದು ನಕ್ಕ.

"ತಾಯೀ, ಈ ಧಾಟಿ ನಂದು! ಪೌಡರ್ ಜಾಹೀರಾತಿಗೆ ಮಾಡಿದ್ದು. ಆಗ ದಿನಾ ಬರ್ತಿತ್ತಲ್ಲ?" ಎಂದು ಹಾಡಿಯೇ ಬಿಟ್ಟ: "ಮುಖಕ್ಕೊಂದಿಷ್ಟು ಪೌಡರು, ಮನೆಯೆಲ್ಲಾ ಘಮಘಮ!"

ಹೌದಲ್ಲ, ಅದೇ! ಸಭೆಯೆಲ್ಲ ಗೊಳ್ಳೆಂದಿತು. "ಎಲ್ಲಿಂದ ಬಂದರೇನು, ನೀವು ಹಾಡಿದ್ದು ನನ್ನದಕ್ಕಿಂತ ಚೆನ್ನಾಗಿತ್ತು" ಎಂದೂ ಮುದುಕ ಹೇಳಿದ. ಆ ನಗುವಿನಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ.

ಮನೆಗೆ ಬಂದಾಗ ಗಂಡ ರಾತ್ರಿಪಾಳಿಯ ಕಾವಲು ಕೆಲಸಕ್ಕೆ ಹೊರಟು ಬೂಟಿನ ದಾರ ಕಟ್ಟುತ್ತಿದ್ದ. ನಡೆದದ್ದನ್ನು ಹೇಳಿದಳು. ಅವನು ತಲೆ ಎತ್ತಲಿಲ್ಲ.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಹಗಲು ನಾನೇ ಅಲ್ವಾ ಅವಳನ್ನ ನೋಡಿಕೊಳ್ತಿದ್ದಿದ್ದು? ರೇಡಿಯೋದಲ್ಲಿ ಅದು ಬಂತು ಅಂದ್ರೆ ಸಾಕು, ಕೆನ್ನೆ ತಟ್ಟಿಕೊಂಡು ಕುಣಿಯೋಳು. ಸಂಜೆ ನೀನು ಬಂದ ಮೇಲೂ ನಿನ್ನ ಮುಂದೆ ಅದನ್ನೇ ಗುನುಗೋಳು. ಅವಳದ್ದೇ ಹಾಡು ಅಂದ್ಕೋ. ತಪ್ಪೇನಿದೆ?"

ಸಮಾಧಾನ ಮಾಡಲೆಂದೇ ಅವನು ಆಡಿದ ಮಾತು. ಕಾಜಕ್ಕ ಅವನೆದುರು ನೆಲದ ಮೇಲೆ ಕೂತಳು.

"ನನ್ನ ಮುಂದೆ ಗುನುಗ್ತಿದ್ಲಾ? ನನಗೆ ನೆನಪೇ ಇಲ್ವಲ್ಲ ರೀ. ದಣಿದು ಬಂದು ಮಲಗಿಬಿಡ್ತಿದ್ದೆನೇನೋ. ಹಾಡು ನೆನಪಿಟ್ಟುಕೊಂಡೆ, ಮಗಳನ್ನ ಮರೆತೆ."

ಮರುದಿನದಿಂದ ಅವಳು ಹಾಡಲಿಲ್ಲ. ಯಾರೂ ಅವಳನ್ನು ಆಡಿಕೊಳ್ಳಲಿಲ್ಲ. ಎರಡೇ ದಿನಕ್ಕೆ ಸಾಲಿನವರು ನಕ್ಕಿದ್ದನ್ನೂ ಮರೆತಿದ್ದರು. ಆ ಚಳಿಗಾಲದಲ್ಲಿ ಕಾಲರ್ ಹೊಲಿಯುವ ಹೆಂಗಸಿನ ಮಗ ಬಸ್ಸಿನಡಿ ಸಿಕ್ಕಿ ಸತ್ತ. ಆ ಮನೆಗೆ ಹೋಗದಿರಲು ಕಾಜಕ್ಕನಿಗೆ ಆಗಲಿಲ್ಲ. ತಾಯಿ ಅವಳ ಸೆರಗು ಹಿಡಿದು, "ಹಾಡಕ್ಕಾ, ನನಗೆ ಅಳುವೇ ಬರ್ತಿಲ್ಲ" ಎಂದಳು. ಕಾಜಕ್ಕ ಬಾಯಿ ತೆರೆದಳು. ನಾಲಿಗೆಯ ತುದಿಗೆ ಬಂದದ್ದು ಪೌಡರು, ಘಮಘಮ. ಹಲ್ಲು ಕಚ್ಚಿ ತಲೆಯಾಡಿಸಿದಳು.

ಆಗ ಮೂಲೆಯಲ್ಲಿದ್ದ ತೋಳು ಹೊಲಿಯುವ ಹುಡುಗಿ "ಬಾಗಿಲು ಹಾಕಿಲ್ಲ..." ಎಂದು ತಾನೇ ಶುರುಮಾಡಿದಳು. ಇನ್ನೊಬ್ಬಳು ದನಿಗೂಡಿಸಿದಳು, ಆಮೇಲೆ ಎಲ್ಲರೂ. ಒಂದಕ್ಷರವೂ ತಪ್ಪಲಿಲ್ಲ. ಸತ್ತವನ ತಾಯಿ ಎದೆ ಬಡಿದುಕೊಂಡು ಅತ್ತಳು; ಬಾಗಿಲಲ್ಲಿ ನಿಂತ ಗಂಡಸರೂ ಕಣ್ಣೊರೆಸಿಕೊಂಡರು. ಅಷ್ಟು ಜನರ ನಡುವೆ ಕಾಜಕ್ಕ ಒಬ್ಬಳೇ ಒಣಗಣ್ಣಿನಲ್ಲಿ ಗೋಡೆಗೊರಗಿ ಕೂತಿದ್ದಳು, ಹಾಡು ಯಾವಾಗ ಮುಗಿಯುತ್ತದೋ ಎಂದು ಕಾಯುತ್ತ.